ಪಚ್ಚಿಲೆ ಉಸಿರಿಟ್ಟುಕೊಂಡೇ ಬೆಂಗಳೂರು ತಲುಪಿತು

"ಜೀವಂತ ಪಚ್ಚಿಲೆ ಬೆಂಗಳೂರಿಗಾ? ಸುಕ್ಕ ಮಾಡಿ ಡಬ್ಬಿಯಲ್ಲಿ ತಗೊಂಡು ಹೋಗು ಮಾರಾಯಾ" ಅಂತ ಭಾವ ನಕ್ಕಿದ್ದರು. ಪಚ್ಚಿಲೆ ಅಂದರೆ ಎರಡು ಹಸಿರು ಚಿಪ್ಪಿನೊಳಗಿರುವ ಉಪ್ಪುನೀರಿನ ಜೀವಿ, ಇಂಗ್ಲಿಷ್‌ನಲ್ಲಿ ಮಸೆಲ್. ಈ ಏಪ್ರಿಲ್‌ನಲ್ಲಿ ಅವರೇ ಗೋಣಿ ಕಟ್ಟಿ ಬಸ್ಸಿಗೆ ಹಾಕಿದರು.

ಬೆಳೆಸುವುದು ಹೊಸದೇನಲ್ಲ: ಹೊಳೆಯಲ್ಲಿ ಚಪ್ಪರ ಕಟ್ಟಿ, ಪಚ್ಚಿಲೆ ಮರಿ ಸುತ್ತಿದ ಹಗ್ಗಗಳನ್ನು ನೀರಿಗೆ ಇಳಿಬಿಡುವುದು. ಕಾಸರಗೋಡು ಜಿಲ್ಲೆಯ ಪಡನ್ನದ ಹೆಂಗಸರ ಸಂಘಗಳು 1990ರ ದಶಕದಿಂದಲೇ ಮಾಡುತ್ತಿವೆ. ನಮ್ಮದು ಮೂಲ್ಕಿ ಹತ್ತಿರ ಶಾಂಭವಿ ಹೊಳೆಯಲ್ಲಿ ನೂರು ಹಗ್ಗ, ಮೀಟರ್‌ಗೆ ಸುಮಾರು 8 ಕೆಜಿ ಬಂತು. ಆದರೆ ಮಳೆಗೆ ಹೊಳೆ ಸಿಹಿಯಾಗುವ ಮೊದಲು ಎಲ್ಲರೂ ಒಟ್ಟಿಗೆ ಎತ್ತುತ್ತಾರೆ. ಊರಲ್ಲಿ ದರ ಬೀಳದೆ ಇನ್ನೇನು? ಅದಕ್ಕೇ ಬೆಂಗಳೂರಿನ ಯೋಚನೆ.

ಮೊದಲ ಸಲ 40 ಕೆಜಿ, ಥರ್ಮಾಕೋಲ್ ಪೆಟ್ಟಿಗೆ, ಮೇಲೆ ಐಸ್. ಬೆಳಗಿನ ಜಾವ ಗೊರಗುಂಟೆಪಾಳ್ಯದಲ್ಲಿ ಇಳಿಸಿ ನೋಡಿದರೆ ಅರ್ಧಕ್ಕರ್ಧ ಬಾಯಿ ಬಿಟ್ಟಿದ್ದವು. ತಟ್ಟಿದರೂ ಮುಚ್ಚಲಿಲ್ಲ, ಅಂದರೆ ಸತ್ತಿದ್ದವು. ಐಸ್ ಕರಗಿದ ಸಿಹಿನೀರು ತಳದಲ್ಲಿ ನಿಂತಿತ್ತು. ಆರೇಳು ಸಾವಿರ ಹೋಯಿತು. ಎರಡನೇ ಸಲ ಐಸೇ ಬೇಡ ಅಂತ ಬರೀ ಒದ್ದೆ ಗೋಣಿ. ಬಸ್ಸು ಶಿರಾಡಿಯಲ್ಲಿ ಮೂರು ಗಂಟೆ ನಿಂತಿತು. ಆ ಕಂಡಕ್ಟರ್ ಈಗಲೂ ನನ್ನನ್ನು ಕಂಡರೆ ಮೂಗು ಮುಚ್ಚುತ್ತಾರೆ.

ಐಸಿನದು ಅರ್ಧ ತಪ್ಪು ಅಷ್ಟೆ. ಉಳಿದರ್ಧ ನಮ್ಮದೇ. ಚೆಂದ ಕಾಣಲಿ ಅಂತ ಒಂದೊಂದೇ ಬಿಡಿಸಿ, ಪಚ್ಚಿಲೆ ಹಗ್ಗಕ್ಕೆ ಅಂಟಿಕೊಳ್ಳುವ ನಾರು ಕಿತ್ತು ಕಳಿಸುತ್ತಿದ್ದೆವು. ನಾರು ಕಿತ್ತರೆ ಒಳಗಿನ ಮಾಂಸಕ್ಕೇ ಗಾಯ. ಈಗ ಗೊಂಚಲು ಗೊಂಚಲಾಗಿಯೇ ಬರುತ್ತದೆ. ಕೆಸರನ್ನು ಹೊಳೆ ನೀರಲ್ಲೇ ತೊಳೆಯುತ್ತೇವೆ. ತೂತಿನ ಕ್ರೇಟ್, ಉಪ್ಪುನೀರಲ್ಲಿ ಅದ್ದಿದ ಗೋಣಿ, ಅದರ ಮೇಲೆ ಪೇಪರ್ ಸುತ್ತಿದ ಐಸ್ ಬಾಟಲಿ. ಬಿಡಿಸುವುದೆಲ್ಲ ಬೆಂಗಳೂರಿನ ವಿಜಯನಗರದ ನಮ್ಮ ಮನೆ ಸಿಂಕಿನಲ್ಲಿ; ಹೆಂಡತಿಯ ಬೈಗುಳ ಫ್ರೀ. ಕಳೆದ ಸಲ 60 ಕೆಜಿಯಲ್ಲಿ ಸತ್ತಿದ್ದು ಎರಡು ಕೆಜಿಯೂ ಇಲ್ಲ. ಹೋಟೆಲಿನ ಅಡುಗೆಯವರು ಬಾಯಿ ಬಿಟ್ಟಿದ್ದೊಂದನ್ನು ಸೌಟಿನಿಂದ ತಟ್ಟಿದರು. ಟಪ್ ಅಂತ ಮುಚ್ಚಿಕೊಂಡಿತು. ಆಮೇಲೆ ಚೌಕಾಸಿ ಮಾಡಲಿಲ್ಲ.

ಎತ್ತಿದ ಮೇಲೆ ಸ್ವಚ್ಛ ಉಪ್ಪುನೀರಲ್ಲಿ ಇಡುತ್ತೇವೆ, ಹೊಟ್ಟೆಯ ಮರಳು ಹೋಗಬೇಕಲ್ವಾ? ಎಷ್ಟು ಹೊತ್ತು, ಕಡಲಿನ ಯಾವ ಉಬ್ಬರಕ್ಕೆ ಎತ್ತುವುದು ಅಂತ ಮಾತ್ರ ಕೇಳಬೇಡಿ. ಅದಕ್ಕೆ ಎರಡು ವರ್ಷ ಖರ್ಚಾಗಿದೆ.

ಊರಲ್ಲಿ ಕೆಜಿಗೆ ನೂರಿಪ್ಪತ್ತು ಸಿಕ್ಕರೆ ಜಾಸ್ತಿ. ಬೆಂಗಳೂರಲ್ಲಿ 300ರ ಆಸುಪಾಸು, ಸಾಗಾಟಕ್ಕೆ 25 ಕಳೆಯಿರಿ. ಒಂದು ಹೋಟೆಲಿನಿಂದ ಒಂಬತ್ತು ಸಾವಿರ ಇನ್ನೂ ಬರಬೇಕು.

ಅದೇ ಚಪ್ಪರಕ್ಕೆ ಸುಮ್ನೆ ಕಡಲಪಾಚಿಯನ್ನೂ ಕಟ್ಟಿ ನೋಡಿದ್ದೆ. ಹೊಳೆಯ ಉಪ್ಪು ಅದಕ್ಕೆ ಸಾಲಲಿಲ್ಲ, ಹತ್ತು ದಿನದಲ್ಲಿ ಬೆಳ್ಳಗಾಗಿ ಉದುರಿತು. ಉಳಿದದ್ದನ್ನು ನಾಲ್ಕು ಸಲ ತೊಳೆದು, ಕೊಳೆಸಿ, ಟೆರೇಸಿನ ಕರಿಬೇವಿಗೆ ಹಾಕಿದೆ. ಗಿಡ ಚಿಗುರಿದೆ. ಪಾಚಿಯಿಂದಲೋ ಮಳೆಯಿಂದಲೋ, ಜಗಳ ಇನ್ನೂ ಮುಗಿದಿಲ್ಲ.