ಕಾಲು ಸುತ್ತು, 50 ಆರ್‌ಪಿಎಂ

ಬೈಕಿನ ಕಾರ್ಬೋರೇಟರ್ ಟ್ಯೂನ್ ಮಾಡಲೆಂದು ಟ್ಯಾಕೋಮೀಟರ್, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗುತ್ತದೆ ಎಂದು ತೋರಿಸುವ ಮೀಟರ್, ತಂದ ಮೊದಲ ದಿನವೇ ಅದರ ಜೊತೆ ಜಗಳವಾಯಿತು. ಪ್ಲಗ್‌ಗೆ ಹೋಗುವ ದಪ್ಪ ವೈರಿನ ಮೇಲೆ ಮೀಟರಿನ ತೆಳು ವೈರನ್ನು ನಾಲ್ಕು ಸುತ್ತು ಸುತ್ತಿ, ಟೇಪ್ ಹಾಕಿ, ಬೈಕು ಸ್ಟಾರ್ಟ್ ಮಾಡಿದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಂತಲ್ಲೇ ಓಡುವಾಗ, 2,800 ಅಂತ ತೋರಿಸಿತು. ನನ್ನ ಸಿಂಗಲ್ ಸಿಲಿಂಡರ್ ಬೈಕಿಗೆ 1,300 ಇರಬೇಕು, ಆಚೀಚೆ 100. ಇಷ್ಟು ದಿನ ದುಪ್ಪಟ್ಟು ಇಟ್ಟುಕೊಂಡು ಓಡಿಸಿದೆನೇ ಎಂದು ಗಾಬರಿಯಾಗಿ, ಈ ವೇಗ ಹೊಂದಿಸುವ ಐಡಲ್ ಸ್ಕ್ರೂ ಬಿಚ್ಚುತ್ತಾ ಹೋದೆ. ಮೀಟರ್ 2,000ಕ್ಕೆ ಇಳಿಯುವಷ್ಟರಲ್ಲಿ ಎಂಜಿನ್ ಬಿಕ್ಕಳಿಸಿ ನಿಂತಿತು. ಮತ್ತೆ ಕಿಕ್, ಮತ್ತೆ ಅದೇ ಕಥೆ.

ಅರ್ಧ ಗಂಟೆ ಹೀಗೆ ಒದ್ದಾಡಿದ ಮೇಲೆ ಬುದ್ಧಿ ಬಂತು. ಸ್ವಲ್ಪ ರೇಸ್ ಕೊಟ್ಟು ಹಿಡಿದೆ. ಬೈಕಿನ ಸ್ವಂತ ಮುಳ್ಳು 3,000ದ ಹತ್ತಿರ ನಿಂತಾಗ ನನ್ನ ಮೀಟರ್ 6,000 ಎನ್ನುತ್ತಿತ್ತು. ಸರಿಯಾಗಿ ಎರಡರಷ್ಟು. ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಉರಿಯುವುದು ಎರಡು ಸುತ್ತಿಗೊಮ್ಮೆ ನಿಜ. ಆದರೆ ಕಿಡಿ ಹಾರಿಸುವ ಸಿಗ್ನಲ್ ಬರುವುದು ಕ್ರ್ಯಾಂಕಿಗೆ ಕೂತಿರುವ ಮ್ಯಾಗ್ನೆಟ್ಟಿನಿಂದ. ಅದಕ್ಕೆ ಸುತ್ತು ಗೊತ್ತು, ಸ್ಟ್ರೋಕ್ ಗೊತ್ತಿಲ್ಲ. ಹಾಗಾಗಿ ಪ್ರತಿ ಸುತ್ತಿಗೂ ಒಂದು ಕಿಡಿ. ಹೊಗೆ ಹೊರಗೆ ಹೋಗುವ ಹೊತ್ತಿನಲ್ಲಿ ಹಾರುವುದು ದಂಡದ ಕಿಡಿ, ಎಂಜಿನ್ನಿಗೆ ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ನನ್ನ ಮೀಟರ್ ಮಾತ್ರ ಎರಡು ಸುತ್ತಿಗೊಂದೇ ಕಿಡಿ ಎಂದುಕೊಂಡು, ಅದನ್ನೂ ಎಣಿಸಿ ಎರಡರಿಂದ ಗುಣಿಸಿತ್ತು. ಸೆಟ್ಟಿಂಗನ್ನು ಟೂ ಸ್ಟ್ರೋಕ್ ಸಿಂಗಲ್‌ಗೆ, ಅಂದರೆ ಸುತ್ತಿಗೊಂದು ಕಿಡಿ ಎಂಬ ಲೆಕ್ಕಕ್ಕೆ ಬದಲಿಸಿದೆ. ಸಂಖ್ಯೆ ದಾರಿಗೆ ಬಂತು.

ಇನ್ನೊಂದು ಸಣ್ಣ ಕಿರಿಕಿರಿಯೂ ಇತ್ತು. ಸಂಖ್ಯೆ ಆಗಾಗ ಸುಮ್ಮಸುಮ್ಮನೆ ಹಾರುತ್ತಿತ್ತು. ಪ್ಲಗ್ಗೂ ಕ್ಯಾಪೂ ಎರಡೂ, ಕಿಡಿಯ ವಿದ್ಯುತ್ ಗದ್ದಲ ತಗ್ಗಿಸುವ ರೆಸಿಸ್ಟರ್ ಇಲ್ಲದವು. ರೆಸಿಸ್ಟರ್ ಇರುವ ಪ್ಲಗ್ ಹಾಕಿ, ಸುತ್ತಿನ ವೈರನ್ನು ಕಾಯಿಲ್‌ನಿಂದ ದೂರ ಸರಿಸಿದ ಮೇಲೆ ನಿಂತಿತು.

ಡ್ಯಾಶಿನಲ್ಲಿ ಮುಳ್ಳು ಇದ್ದೂ ಬೇರೆ ಮೀಟರ್ ಯಾಕೆ ಎಂದು ಜೊತೆಗಿದ್ದ ತಮ್ಮ ಕೇಳಿದ. ಆ ಮುಳ್ಳಿನ ಅಗಲವೇ ಹತ್ತಿರಹತ್ತಿರ 100 ಆರ್‌ಪಿಎಂ ಮುಚ್ಚುತ್ತದೆ. ಜೊತೆಗೆ ಅದು ನಡುಗದಿರಲಿ ಎಂದು ನಿಧಾನವಾಗಿ ಚಲಿಸುವ ಹಾಗೆ ಮಾಡಿರುತ್ತಾರೆ. ಹೋಂಡಾದ ಸರ್ವಿಸ್ ಮ್ಯಾನುವಲ್‌ಗಳಲ್ಲಿ ಪೈಲಟ್ ಸ್ಕ್ರೂ (ಐಡ್ಲಿಂಗ್‌ನ ಗಾಳಿ-ಪೆಟ್ರೋಲ್ ಮಿಶ್ರಣ ಸರಿಮಾಡುವ ಸ್ಕ್ರೂ) ಹೊಂದಿಸುವ ಪುಟಕ್ಕೆ ಹೋದರೆ, 50 ಆರ್‌ಪಿಎಂ ಬದಲಾವಣೆಯನ್ನು ಸರಿಯಾಗಿ ತೋರಿಸಬಲ್ಲ ಮೀಟರನ್ನೇ ಬಳಸಿ ಎಂದು ಬರೆದಿರುತ್ತದೆ. ಅದನ್ನು ಹಲವು ಸಲ ಓದಿ ಪುಟ ತಿರುಗಿಸಿದವನೇ ನಾನು. ನನಗೆ ಕಿವಿ ಇದೆಯಲ್ಲ ಎಂಬ ಧಿಮಾಕು.

ಈ ಕಿವಿಯ ವಿಷಯ ಸ್ವಲ್ಪ ಹೇಳಬೇಕು. ಒಳ್ಳೆಯ ಮೆಕ್ಯಾನಿಕ್ ಕಿವಿಯಲ್ಲೇ ಟ್ಯೂನ್ ಮಾಡುತ್ತಾನೆ ಎಂದು ನಾವೆಲ್ಲ ನಂಬಿಕೊಂಡು ಬಂದವರು. ಒಂದು ದಿನ ಕೂತು ಲೆಕ್ಕ ಹಾಕಿದೆ. 1,300 ಆರ್‌ಪಿಎಂನಲ್ಲಿ ನನ್ನ ಎಂಜಿನ್ ನಿಮಿಷಕ್ಕೆ 650 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 11ಕ್ಕೂ ಸ್ವಲ್ಪ ಕಡಿಮೆ. 1,350ಕ್ಕೆ ಏರಿದರೆ 11ಕ್ಕೂ ಸ್ವಲ್ಪ ಜಾಸ್ತಿ. ಸೆಕೆಂಡಿಗೆ ಸುಮಾರು 20ರ ಮೇಲೆ ಹೋದರೆ ತಾನೇ ಬಡಿತಗಳು ಒಂದಕ್ಕೊಂದು ಅಂಟಿಕೊಂಡು ಸ್ವರದ ಹಾಗೆ ಕೇಳುವುದು? 4,000 ಆರ್‌ಪಿಎಂನಲ್ಲಿ ಶ್ರುತಿ ಏರಿದ್ದು ಇಳಿದದ್ದು ಯಾರಿಗಾದರೂ ಗೊತ್ತಾಗುತ್ತದೆ. ಐಡ್ಲಿಂಗ್‌ನಲ್ಲಿ ಶ್ರುತಿಯೇ ಇಲ್ಲ, ಬರೀ ತಾಳ. ಸೆಕೆಂಡಿಗೆ ಹನ್ನೊಂದರ ಆಸುಪಾಸಿನ ತಾಳ ಚೂರು ಜೋರಾಯಿತೋ ಇಲ್ಲವೋ ಎಂದು ಹೇಳಬಲ್ಲ ಕಿವಿ ನನ್ನದಂತೂ ಅಲ್ಲ. ಅದರ ಮೇಲೆ ಸಿಂಗಲ್ ಸಿಲಿಂಡರ್ ಎಂಜಿನ್ ಐಡ್ಲಿಂಗ್‌ನಲ್ಲಿ ಒಂದೇ ಸಮನೆ ಬಡಿಯುವುದೂ ಇಲ್ಲ. ನಾನು ಇಷ್ಟು ವರ್ಷ 'ಈಗ ಸರಿಯಾಯಿತು' ಎಂದುಕೊಂಡದ್ದು ಹೆಚ್ಚಾಗಿ ಸೈಲೆನ್ಸರಿನ ಸದ್ದು ಬದಲಾದದ್ದನ್ನು ಕೇಳಿ.

ಕೆಲಸಕ್ಕೆ ಬರೋಣ. ಟ್ಯಾಪೆಟ್ ನೋಡಿದೆ, ಏರ್ ಫಿಲ್ಟರ್ ತೊಳೆದೆ, ಆಕ್ಸಿಲರೇಟರ್ ಕೇಬಲ್‌ಗೆ ಸ್ವಲ್ಪ ಸಡಿಲ ಇದೆಯೇ ಎಂದು ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಖಾತ್ರಿ ಮಾಡಿಕೊಂಡೆ. ಆಮೇಲೆ ಕಾಲು ಗಂಟೆ ಓಡಿಸಿಕೊಂಡು ಬಂದೆ. ನಿಂತಲ್ಲೇ ಬಿಸಿ ಮಾಡಿದರೆ ಸಾಲದು, ಆಯಿಲ್ ಬಿಸಿಯಾಗುತ್ತಿದ್ದ ಹಾಗೆ ಐಡ್ಲಿಂಗ್ ತಾನಾಗಿಯೇ ಏರುತ್ತಿರುತ್ತದೆ; ನೀವು ಸ್ಕ್ರೂ ತಿರುಗಿಸಿ ಏರಿಸಿದೆ ಅಂದುಕೊಳ್ಳುತ್ತೀರಿ. ಬಯಲಿನಲ್ಲಿ ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಮುಂದೆ ಫ್ಯಾನ್ ಇಟ್ಟೆ. ಗಾಳಿಯಿಂದ ತಣಿಯುವ ಎಂಜಿನ್ನು ನಿಂತಲ್ಲೇ ಹತ್ತು ನಿಮಿಷ ಓಡಿದರೆ ಕಾದು ಹೆಂಚಾಗುತ್ತದೆ, ಸಂಖ್ಯೆಗಳೂ ಜಾರುತ್ತವೆ. ಫ್ಯಾನಿನ ಗಾಳಿ ಕಾರ್ಬೋರೇಟರ್ ಬಾಯಿಗೆ ನೇರ ಬೀಳಬಾರದು ಅಷ್ಟೆ. ಮುಚ್ಚಿದ ಜಾಗದಲ್ಲಿ ಈ ಕೆಲಸ ಬೇಡವೇ ಬೇಡ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಇಷ್ಟೆಲ್ಲ ಮಾಡಿದರೂ ಮೀಟರ್ 1,200ರಿಂದ 1,500ರ ನಡುವೆ ಅಲೆಯುತ್ತಿತ್ತು. ಕಿವಿಗೆ ಇದು 'ಸ್ವಲ್ಪ ಏರುಪೇರು' ಅಷ್ಟೆ. 300ರ ಅಲೆದಾಟ ಎಂದು ಕಣ್ಣಿಗೆ ಕಂಡಾಗ ಸ್ಕ್ರೂ ಮುಟ್ಟುವ ಮನಸ್ಸಾಗಲಿಲ್ಲ. ಕಾರ್ಬೋರೇಟರಿಗೂ ಎಂಜಿನ್ ಹೆಡ್ಡಿಗೂ ನಡುವೆ ಇರುವ ರಬ್ಬರ್ ಮೇಲೆ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇಯಿಂದ ಸ್ವಲ್ಪ ನೀರು ಹೊಡೆದೆ. ಕೆಲವರು ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಉರಿಯುವ ದ್ರವ ಹೊಡೆಯುವ ಧೈರ್ಯ ನನಗಿಲ್ಲ. ನೀರು ಬಿದ್ದ ಎರಡು ಸೆಕೆಂಡ್ ಸಂಖ್ಯೆ 1,250ಕ್ಕೆ ಬಂದು ಅಲ್ಲೇ ನಿಂತು, ಮತ್ತೆ ಅಲೆಯತೊಡಗಿತು. ಬಿಚ್ಚಿ ನೋಡಿದರೆ ರಬ್ಬರಿನ ಕೆಳಗಡೆ ಉಗುರಿನ ಗೆರೆಯಷ್ಟು ಬಿರುಕು. ಈ ಬಿರುಕಿನಿಂದ ಒಳಗೆ ಹೋಗುತ್ತಿದ್ದ ಕಳ್ಳಗಾಳಿಗೆ ಸರಿಹೊಂದಿಸಲು ಅದೆಷ್ಟು ಸಲ ಏರ್ ಸ್ಕ್ರೂ ತಿರುಗಿಸಿದ್ದೆನೋ!

ರಬ್ಬರ್ ಬದಲಿಸಿ ಮತ್ತೆ ಶುರು. ನನ್ನದು ಮಿಕುನಿಯ ವಿಎಂ ಸರಣಿಯಂಥ ಸ್ಲೈಡ್ ಕಾರ್ಬೋರೇಟರ್, ಅಂದರೆ ಮೇಲೆ ಕೆಳಗೆ ಜಾರುವ ತುಂಡೊಂದು (ಸ್ಲೈಡ್) ಗಾಳಿಯ ದಾರಿಯನ್ನು ತೆರೆದು ಮುಚ್ಚುವಂಥದ್ದು. ಅದರ ಪೈಲಟ್ ಸ್ಕ್ರೂ ಇರುವುದು ಏರ್ ಫಿಲ್ಟರ್ ಕಡೆ. ಅಂದರೆ ಅದು ಗಾಳಿಯ ಸ್ಕ್ರೂ, ಏರ್ ಸ್ಕ್ರೂ. ಬಿಚ್ಚಿದರೆ ಗಾಳಿ ಜಾಸ್ತಿ, ಮಿಶ್ರಣ ಲೀನ್ (ಪೆಟ್ರೋಲ್ ಪಾಲು ಕಡಿಮೆ). ಸ್ಕ್ರೂ ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಮಿಶ್ರಣದ ಸ್ಕ್ರೂ, ಲೆಕ್ಕ ಪೂರ್ತಿ ಉಲ್ಟಾ: ಬಿಚ್ಚಿದರೆ ರಿಚ್ (ಪೆಟ್ರೋಲ್ ಪಾಲು ಜಾಸ್ತಿ). ಮೊದಲು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ತಾಗಿತು ಅನ್ನಿಸಿದ ಕೂಡಲೇ ಕೈಬಿಟ್ಟೆ. ಇಲ್ಲಿ ಬಲ ಹಾಕಿದರೆ ಸ್ಕ್ರೂವಿನ ಚೂಪು ತುದಿ ಕೂರುವ ಜಾಗ ಕೆಟ್ಟು, ಮತ್ತೆ ಯಾವ ಮೀಟರೂ ಕಾಪಾಡುವುದಿಲ್ಲ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ.

ಒಂದೂವರೆಯಲ್ಲಿ 1,250. ಒಂದೂ ಮುಕ್ಕಾಲಿಗೆ 1,310. ಎರಡಕ್ಕೆ 1,360. ಎರಡೂ ಕಾಲಿಗೆ 1,370. ಎರಡೂವರೆಗೆ 1,340ಕ್ಕೆ ಇಳಿಯಿತು. ಒಂದೊಂದು ಕಾಲು ಸುತ್ತಿಗೂ ಹತ್ತು ಹದಿನೈದು ಸೆಕೆಂಡ್ ಕೈಕಟ್ಟಿ ಕಾದೆ. ಇದೇ ನನಗೆ ಕಷ್ಟವಾದದ್ದು. ಕಿವಿ ನಂಬಿದ್ದಾಗ ಸ್ಕ್ರೂಡ್ರೈವರ್ ನಿಲ್ಲುತ್ತಲೇ ಇರಲಿಲ್ಲ, ಹಿಂದೆ ಮುಂದೆ ಹಿಂದೆ ಮುಂದೆ. ಎಂಜಿನ್ ಹೊಸ ಮಿಶ್ರಣಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ನಾನು ಎರಡು ಸಲ ಬದಲಿಸಿರುತ್ತಿದ್ದೆ.

ಶಿಖರ ಎರಡೂ ಕಾಲಿನ ಹತ್ತಿರ ಎಂದು ಗೊತ್ತಾಯಿತು. ಐಡಲ್ ಸ್ಕ್ರೂ ಬಿಚ್ಚಿ 1,300ಕ್ಕೆ ಇಳಿಸಿ, ಮತ್ತೆ ಏರ್ ಸ್ಕ್ರೂ ಆಚೀಚೆ ಆಡಿಸಿ ನೋಡಿದೆ. ಎರಡನೇ ಸಲದ ಈ ಹುಡುಕಾಟ ಬಿಡಬಾರದು: ಸ್ಲೈಡ್ ಸ್ವಲ್ಪ ಇಳಿದ ಮೇಲೆ ಶಿಖರವೂ ಚೂರು ಸರಿದಿರುತ್ತದೆ. ಕೊನೆಗೆ ಸಿಕ್ಕ ಜಾಗದಿಂದ ಅರೆಕಾಲು ಸುತ್ತು ಒಳಗೆ, ಅಂದರೆ ರಿಚ್ ಕಡೆಗೆ, ತಂದು ಬಿಟ್ಟೆ. ಸಂಖ್ಯೆ ಅತಿ ಹೆಚ್ಚು ಇರುವ ಜಾಗದಲ್ಲೇ ಬಿಟ್ಟರೆ ನಿಂತಾಗ ಚೆನ್ನಾಗಿರುತ್ತದೆ, ಆದರೆ ಕ್ಲಚ್ ಬಿಟ್ಟು ಹೊರಡುವಾಗ ಎಂಜಿನ್ ಒಂದು ಕ್ಷಣ ಉಸಿರು ಹಿಡಿದ ಹಾಗೆ ಮಾಡುತ್ತದೆ.

ಶಿಖರ ಒಂದು ಸುತ್ತಿಗೂ ಮೊದಲೇ ಸಿಕ್ಕಿದ್ದರೆ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಚಿಕ್ಕದು ಅಥವಾ ಕಟ್ಟಿಕೊಂಡಿದೆ, ಮೂರು ದಾಟಿದರೂ ಸಿಗದಿದ್ದರೆ ದೊಡ್ಡದು ಎಂದು ತಿಳಿಯುತ್ತಿದ್ದೆ. ಇದು ಗಾಳಿ ಸ್ಕ್ರೂವಿನ ಮಾತು; ಇನ್ನೊಂದು ಬಗೆಗೆ ಇದೂ ಉಲ್ಟಾ.

ನಂತರದ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟ. 3,000ದವರೆಗೆ ರೇಸ್ ಕೊಟ್ಟು ಥಟ್ಟನೆ ಬಿಡುವುದು, ಸಂಖ್ಯೆ ಹೇಗೆ ಇಳಿಯುತ್ತದೆ ನೋಡುವುದು. 1,800, 1,900ರಲ್ಲಿ ತೂಗಾಡಿ ಆಮೇಲೆ ಸಾವಕಾಶವಾಗಿ ಇಳಿದರೆ ಲೀನ್. 1,100ಕ್ಕೆ ಮುಳುಗಿ ಮತ್ತೆ 1,300ಕ್ಕೆ ಎದ್ದರೆ ರಿಚ್. ನನ್ನದು ನೇರ ಇಳಿದು 1,300ರಲ್ಲಿ ಕೂತಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ಟಿಗೂ ಇದೇ ಮೀಟರ್ ಹಿಡಿದು ಕೂರಬೇಡಿ. ಸ್ಟ್ಯಾಂಡ್ ಮೇಲೆ ಭಾರವಿಲ್ಲದೆ ತಿರುಗುವ ಎಂಜಿನ್ ಆ ಬಗ್ಗೆ ಏನನ್ನೂ ಹೇಳುವುದಿಲ್ಲ, ಅದಕ್ಕೆ ರಸ್ತೆಯೇ ಬೇಕು.

ಇದೇ ಹುಮ್ಮಸ್ಸಿನಲ್ಲಿ ಗೆಳೆಯನ ಎರಡು ಸಿಲಿಂಡರ್ ಬೈಕಿಗೆ ಕೈ ಹಾಕಿದೆ. ಎರಡು ಸಿವಿ ಕಾರ್ಬೋರೇಟರ್ (ಇದರಲ್ಲಿ ಸ್ಲೈಡ್ ಎಂಜಿನ್ನಿನ ಎಳೆತಕ್ಕೆ ತಾನೇ ಏಳುತ್ತದೆ), ಎಂಜಿನ್ ಕಡೆಯ ಸ್ಕ್ರೂಗಳು. ಎಡಗಡೆಯದನ್ನು ಒಂದು ಪೂರ್ತಿ ಸುತ್ತು ತಿರುಗಿಸಿದರೂ ಮೀಟರ್ 10 ಆರ್‌ಪಿಎಂ ಕದಲಲಿಲ್ಲ. ಬಲಗಡೆಯದು ಅರೆಕಾಲು ಸುತ್ತಿಗೇ 20, 30 ಅಲುಗುತ್ತಿತ್ತು. ಎರಡು ಸಿಲಿಂಡರ್ ಇರುವಾಗ ಒಂದರ ಪ್ರಭಾವ ಅಷ್ಟೇ ಕಾಣುವುದು. ಮೀಟರ್ ಇಲ್ಲದಿದ್ದರೆ ಈ ವ್ಯತ್ಯಾಸ ನನಗೆ ಗೊತ್ತಾಗುತ್ತಲೇ ಇರಲಿಲ್ಲ, ಎರಡನ್ನೂ ಸಮನಾಗಿ ತಿರುಗಿಸಿ ವಾಪಸ್ ಕೊಟ್ಟಿರುತ್ತಿದ್ದೆ.

ಎಡ ಕಾರ್ಬೋರೇಟರ್ ಬಿಚ್ಚಿದಾಗ ಪೈಲಟ್ ಜೆಟ್ ಹಳೇ ಪೆಟ್ರೋಲಿನ ಅಂಟಿನಿಂದ ಮುಚ್ಚಿತ್ತು. ಯಾರೋ ಹಿಂದೆ ಅದನ್ನು ಕ್ಲೀನ್ ಮಾಡುವ ಬದಲು ಐಡಲ್ ಸ್ಕ್ರೂ ಬಿಗಿಮಾಡಿ ಬೈಕು ನಿಲ್ಲದ ಹಾಗೆ ಮಾಡಿದ್ದರು. ಹಾಗೆ ಮಾಡಿದಾಗ ಬಟರ್‌ಫ್ಲೈ (ಆಕ್ಸಿಲರೇಟರ್ ತಿರುಗಿಸಿದಾಗ ತೆರೆಯುವ ತಟ್ಟೆ) ಜಾಸ್ತಿ ತೆರೆದು, ಅದರ ಅಂಚಿನ ಹತ್ತಿರ ಇರುವ ಸಣ್ಣ ತೂತುಗಳು ಬಯಲಾಗುತ್ತವೆ. ಎಂಜಿನ್ ಆ ತೂತುಗಳಿಂದ ಸಿಕ್ಕಷ್ಟು ಕುಡಿಯುತ್ತದೆ, ಸ್ಕ್ರೂ ಇದ್ದೂ ಇಲ್ಲದ ಹಾಗೆ. ಜೆಟ್ಟನ್ನು ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆದೆ. ತಂತಿ ಹಾಕಲಿಲ್ಲ, ಹಿತ್ತಾಳೆಯ ತೂತು ಬೇಗ ದೊಡ್ಡದಾಗುತ್ತದೆ.

ಜೋಡಿಸಿ, ಎರಡೂ ಸಿಲಿಂಡರಿನ ಎಳೆತ ತೋರಿಸುವ ವ್ಯಾಕ್ಯೂಮ್ ಗೇಜ್ ಹಾಕಿ ಎರಡನ್ನೂ ಸಮ ಮಾಡಿ, ಈ ಸಲ ಮ್ಯಾನುವಲ್‌ನವರು ಹೇಳುವ ದಾರಿ ಹಿಡಿದೆ: ಎರಡರಲ್ಲೂ ಶಿಖರ ಹುಡುಕಿ, ಐಡ್ಲಿಂಗ್ ಹೊಂದಿಸಿ, ಒಂದು ಸ್ಕ್ರೂವನ್ನು 50 ಆರ್‌ಪಿಎಂ ಬೀಳುವವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಆ ಮಾದರಿಗೆ ಹೇಳಿರುವಷ್ಟು ಹೊರಗೆ. ಆಮೇಲೆ ಇನ್ನೊಂದಕ್ಕೂ ಅದೇ. ಕೊನೆಗೆ ಮತ್ತೊಮ್ಮೆ ಗೇಜ್ ನೋಡಿದೆ. ಎಡ ಎರಡೂ ಕಾಲು, ಬಲ ಎರಡೂವರೆ, ಐಡ್ಲಿಂಗ್ 1,150. ಸೀಟಿನ ಕೆಳಗೆ ಟೇಪ್ ಅಂಟಿಸಿ ಈ ಮೂರು ಸಂಖ್ಯೆ ಬರೆದುಕೊಟ್ಟೆ. ಗೆಳೆಯ ಸ್ಟಾರ್ಟ್ ಮಾಡಿ ಡ್ಯಾಶ್ ನೋಡಿ, 'ಸಾವಿರ ಅಂತಿದೆಯಲ್ಲೋ' ಅಂದ. ಆ ಮುಳ್ಳು ಈಗಲೂ ಸಾವಿರ ಅಂತಲೇ ಅನ್ನುತ್ತದೆ.