ಮೊದಲು ಒಂದು ಕೋಣೆ, ಮತ್ತೆ ಮನೆ

ತೋಟದ ನಡುವಿನ ಹಳೆಯ ಹಂಚಿನ ಮನೆಗೆ ಬೆಕ್ಕಿನ ಮರಿ ತರುವವರಿಗೆ ನಾನು ಹೇಳುವುದು ಒಂದೇ ಮಾತು: ಇಡೀ ಮನೆಯನ್ನು ಅದಕ್ಕೆ ಒಮ್ಮೆಗೇ ಬಿಟ್ಟುಕೊಡಬೇಡಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮಂಥ ಮನೆಗಳಲ್ಲಿ ಚಾವಡಿ, ಅಡುಗೆಮನೆ, ಬಚ್ಚಲು, ಅಟ್ಟ, ಹಿಂದಿನ ಹಟ್ಟಿ, ಸೌದೆ ಕೊಟ್ಟಿಗೆ ಎಲ್ಲವೂ ಒಂದಕ್ಕೊಂದು ತೆರೆದೇ ಇರುತ್ತವೆ. ಹೆದರಿದ ಮರಿ ಅಟ್ಟ ಹತ್ತಿದರೆ ಇಳಿಸುವುದು ಕಷ್ಟ. ಸೌದೆ ರಾಶಿಯೊಳಗೆ ನುಗ್ಗಿದರೆ ಹಾವಿನ ಭಯವೂ ಇದೆ.

ನಮ್ಮ ಮರಿ ಬಂದದ್ದು ಪೆರ್ಲದ ನೆಂಟರ ಮನೆಯಿಂದ. ಕಣ್ಣು ಬಿಟ್ಟು ಓಡಾಡತೊಡಗಿದ ಕೂಡಲೇ ಕೊಂಡುಹೋಗಿ ಎಂದರು, ನಾನು ಒಪ್ಪಲಿಲ್ಲ. 8 ವಾರಕ್ಕೆ ಮೊದಲು ತಾಯಿಯಿಂದ ಬಿಡಿಸಬಾರದು, 12 ವಾರದವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು. ಆಟದಲ್ಲಿ ಎಷ್ಟು ಕಚ್ಚಬಹುದು, ಉಗುರು ಯಾವಾಗ ಒಳಗೆಳೆದುಕೊಳ್ಳಬೇಕು ಎಂಬುದನ್ನೆಲ್ಲ ಅದು ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆಯಲ್ಲೇ. ಆದರೆ ಮನುಷ್ಯರ ಕೈ ರೂಢಿಯಾಗುವ ಕಾಲ ಅದಕ್ಕಿಂತ ಮೊದಲೇ, ಸುಮಾರು 2ರಿಂದ 7 ವಾರದೊಳಗೆ, ಬಂದು ಹೋಗುತ್ತದೆ. ಹಾಗಾಗಿ ದಿನಾ ಸ್ವಲ್ಪ ಹೊತ್ತು ಮಡಿಲಲ್ಲಿ ಕೂರಿಸಿಕೊಳ್ಳಿ ಎಂದು ಆ ಮನೆಯ ಮಕ್ಕಳಿಗೆ ಹೇಳಿಟ್ಟಿದ್ದೆ. ಅವರು ಮಾಡಿದ ಆ ಕೆಲಸದ ಉಪಕಾರ ಇಂದಿಗೂ ನನಗೆ ಸಿಗುತ್ತಿದೆ.

ಗೋಣಿಯಲ್ಲಿ ಕಟ್ಟಿ, ದಾರಿಯಲ್ಲಿ ಸುತ್ತು ತಿರುಗಿಸಿ ತಂದರೆ ಬೆಕ್ಕು ಹಿಂದೆ ಓಡುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ಅದರಿಂದ ಮರಿ ಇನ್ನಷ್ಟು ಬೆದರುತ್ತದೆ, ಬೇರೇನೂ ಆಗುವುದಿಲ್ಲ. ನಾನು ಮುಚ್ಚಳವಿರುವ ಬುಟ್ಟಿಯಲ್ಲಿ ತಂದೆ. ಒಳಗೆ ತಾಯಿ ಬೆಕ್ಕು ಮಲಗುತ್ತಿದ್ದ ಹಳೆಯ ಬಟ್ಟೆಯನ್ನೇ ಹಾಸಿದ್ದೆ.

ಚಾವಡಿಯ ಪಕ್ಕದ ಸಣ್ಣ ಕೋಣೆಯನ್ನು ಅದಕ್ಕೆ ಕೊಟ್ಟೆವು. ಒಂದು ಮೂಲೆಯಲ್ಲಿ ಅನ್ನ ನೀರು, ಎದುರು ಮೂಲೆಯಲ್ಲಿ ಮಲಮೂತ್ರಕ್ಕೆ ಅಂಚು ತಗ್ಗಿದ ಪ್ಲಾಸ್ಟಿಕ್ ತಟ್ಟೆ. ಎರಡೂ ಹತ್ತಿರ ಇದ್ದರೆ ಬೆಕ್ಕು ಒಂದನ್ನು ಬಿಟ್ಟುಬಿಡುತ್ತದೆ. ತಟ್ಟೆಗೆ ಪೇಟೆಯಲ್ಲಿ ಮಾರುವ ಬೆಕ್ಕಿನ ಮಣ್ಣು ಬೇಕಾಗಿಲ್ಲ. ತೋಟದ ಮಣ್ಣಿಗೆ ಮರಳು ಬೆರೆಸಿದರೆ ಸಾಕು. ಮುಂದೆ ಹೊರಗೆ ತಿರುಗುವಾಗ ಅದೇ ಮಣ್ಣನ್ನು ಹುಡುಕಿಕೊಂಡು ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಒಂದು ಚೀಲ ಒಣ ಮಣ್ಣು ತುಂಬಿಸಿಡಿ, ಆಟಿ ತಿಂಗಳ ಮಳೆಯಲ್ಲಿ ಎಲ್ಲಿ ಹುಡುಕಿದರೂ ಸಿಗದು.

ಬಂದ ಕೂಡಲೇ ಮರಿ ಭತ್ತ ತುಂಬಿಸಿಡುವ ಪತ್ತಾಯದ ಹಿಂದೆ ಸೇರಿಕೊಂಡಿತು. ಮಕ್ಕಳು ಕೋಲು ಹಾಕಿ ಎಳೆಯಲು ನೋಡಿದರು, ನಾನು ಬಿಡಲಿಲ್ಲ. ಅಡಗುವುದು ಅದರ ಧೈರ್ಯದ ಮೊದಲ ಮೆಟ್ಟಿಲು. ನಾನು ಪತ್ರಿಕೆ ಹಿಡಿದು ನೆಲದಲ್ಲಿ ಕುಳಿತೆ, ಅದರ ಕಡೆ ನೋಡಲೂ ಇಲ್ಲ. ಬಹಳ ಹೊತ್ತಾದ ಮೇಲೆ ಮೂಗೊಂದು ಹೊರಗೆ ಬಂತು. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು, ಹಿಂದಿನ ಕಾಲು ಓಡಲು ಸಿದ್ಧವಾಗಿಟ್ಟುಕೊಂಡು, ಮೀಸೆಯನ್ನೆಲ್ಲ ಮುಂದಕ್ಕೆ ಚಾಚಿ ನನ್ನ ಕಾಲಿನ ಹೆಬ್ಬೆರಳು ಮೂಸಿತು. ನಾನು ಬೆರಳು ಅಲ್ಲಾಡಿಸಲಿಲ್ಲ. ಇನ್ನೊಮ್ಮೆ ಬಂದಾಗ ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ, ಉಜ್ಜಿದ ಜಾಗ ಅದಕ್ಕೆ ತನ್ನದಾಗುತ್ತದೆ. ಇದನ್ನು ನೋಡಿ ಒಂದು ಹಳೆಯ ಬೈರಾಸಿನಿಂದ ಅದರ ಕೆನ್ನೆ ಮೆಲ್ಲಗೆ ಒರೆಸಿ, ಚಾವಡಿಯ ಬಾಗಿಲ ದಾರಂದಕ್ಕೆ, ಕಂಬದ ಬುಡಕ್ಕೆ ಅದರ ಎತ್ತರದಲ್ಲೇ ಉಜ್ಜಿದೆ. ಬಾಗಿಲು ತೆರೆದಾಗ ಚಾವಡಿ ಅದಕ್ಕೆ ಪೂರ್ತಿ ಪರಕೀಯವಾಗಿರಲಿಲ್ಲ.

ಊಟದ ವಿಷಯದಲ್ಲಿ ಮನೆಯೊಳಗೆ ಮಾತುಕತೆ ಆಗಲೇಬೇಕಾಯಿತು. ಹಟ್ಟಿಯಲ್ಲಿ ದನ ಇರುವ ಮನೆ. “ಪುಚ್ಚಗೆ ರಜ್ಜ ಹಾಲು ಕೊಡೆಕ್ಕು” (ಬೆಕ್ಕಿಗೆ ಸ್ವಲ್ಪ ಹಾಲು ಕೊಡಬೇಕು) ಎಂದು ಅತ್ತೆ ಲೋಟ ಹಿಡಿದೇ ಬಂದರು. ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಮರಿಗೆ ಕಡಿಮೆಯಾಗುತ್ತದೆ. ದನದ ಹಾಲಿನಿಂದ ಭೇದಿ ಹತ್ತಿದರೆ ಸಣ್ಣ ಮೈ ಬೇಗ ಬತ್ತಿಹೋಗುತ್ತದೆ. ಅತ್ತೆಗೆ ಕರುವಿನ ಭೇದಿ ಗೊತ್ತು, ಅದನ್ನೇ ಹೇಳಿದಾಗ ಲೋಟ ಒಳಗೆ ಹೋಯಿತು. ಮಾಂಸ ತಾರದ ನಮ್ಮಂಥ ಮನೆಗಳಲ್ಲಿ ಮೊಸರನ್ನ ತಿಂದೇ ಬೆಕ್ಕು ಬೆಳೆಯುತ್ತದೆ ಎನ್ನುತ್ತೇವೆ. ನಿಜವಾಗಿ ಅದು ಬದುಕುವುದು ತಾನು ಹಿಡಿದ ಇಲಿ, ಓತಿಗಳಿಂದ. ಬೇಟೆಯಾಡಲಾರದ ಮರಿಗೆ ಆ ದಾರಿ ಇಲ್ಲ. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಬೇಕೇ ಬೇಕು. ಅದಿಲ್ಲದಿದ್ದರೆ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ ಎಂದು 1975ರಲ್ಲೇ ತಿಳಿಯಿತು, ಹೃದಯದ ಸ್ನಾಯು ಸೋಲುತ್ತದೆ ಎಂದು 1987ರಲ್ಲಿ. ಕೊನೆಗೆ ಮರಿಗಳ ಪ್ಯಾಕೆಟ್ ತಿಂಡಿಯನ್ನು ಬಿಸಿನೀರಲ್ಲಿ ನೆನೆಸಿ ದಿನಕ್ಕೆ ನಾಲ್ಕು ಸಲ ಕೊಡುವುದೆಂದಾಯಿತು. ತಟ್ಟೆ ಅಡುಗೆಮನೆಗೆ ಬರಬಾರದು, ಹೊರಗಿನ ನಳ್ಳಿಯಲ್ಲೇ ತೊಳೆಯಬೇಕು ಎಂದರು ಅತ್ತೆ. ನ್ಯಾಯವಾದ ಮಾತು, ಹಾಗೆಯೇ ನಡೆಯುತ್ತಿದೆ. ಮರಿ ಒಂದು ಇಡೀ ದಿನ ಏನೂ ತಿನ್ನದಿದ್ದರೆ ಮಾತ್ರ ಕಾಯಬೇಡಿ, ಡಾಕ್ಟರಲ್ಲಿಗೆ ಕೊಂಡುಹೋಗಿ.

ಕೋಣೆಯಲ್ಲಿ ಬಾಲ ಎತ್ತಿ ನಡೆಯತೊಡಗಿದ ಮೇಲೆ ಬಾಗಿಲು ತೆರೆದೆ, ಅದೂ ಊಟಕ್ಕೆ ಸ್ವಲ್ಪ ಮೊದಲು, ಹಸಿದಿರುವಾಗ. ತಟ್ಟೆಗೆ ಚಮಚ ಬಡಿದರೆ ಓಡಿಬರುವುದು ಆಗಲೇ ರೂಢಿಯಾಗಿತ್ತು. ಮೊದಲು ಚಾವಡಿ, ಮತ್ತೆ ಒಳಕೋಣೆಗಳು, ಹಟ್ಟಿ ಎಲ್ಲಕ್ಕಿಂತ ಕೊನೆಗೆ. ರಾತ್ರಿ ಮಾತ್ರ ತನ್ನ ಕೋಣೆಯಲ್ಲೇ.

ಹಳ್ಳಿಮನೆಯಲ್ಲಿ ಮರಿಗೆ ದೊಡ್ಡ ಅಪಾಯ ಇರುವುದು ಮದ್ದುಗಳಿಂದ. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಮೈಲುತುತ್ತಿನ ನೀರು ಸೋಗೆಯಿಂದ ತೊಟ್ಟಿಕ್ಕುತ್ತಿರುತ್ತದೆ. ಬೆಕ್ಕು ಅದನ್ನು ತುಳಿದು ಬಂದು ಪಾದ ನೆಕ್ಕುತ್ತದೆ. ಆ ದಿನಗಳಲ್ಲಿ ಅದು ಒಳಗೇ ಇರಬೇಕು. ಇಲಿ ಪಾಷಾಣ ಇಡುವುದನ್ನು ನಾವು ನಿಲ್ಲಿಸಿದ್ದೇವೆ. ನಾಯಿಯ ಉಣ್ಣಿಗೆ ಹಾಕುವ ಪುಡಿ ಬೆಕ್ಕಿಗೆ ಹಾಕಲೇಬಾರದು. ಮೈ ಬಿಸಿಯಿದೆ ಎಂದು ಪ್ಯಾರಾಸಿಟಮಾಲ್ ತಿನ್ನಿಸಿದರೆ ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ಬೆಕ್ಕಿನ ಮೈ ಸಹಜವಾಗಿಯೇ ನಮ್ಮದಕ್ಕಿಂತ ಬಿಸಿ.

ಹುಳದ ಮದ್ದು ಬಂದ ವಾರದಲ್ಲೇ ಆಯಿತು. ಚುಚ್ಚುಮದ್ದು 8 ವಾರದ ಹೊತ್ತಿಗೆ ಒಮ್ಮೆ, ಮತ್ತೆ 3–4 ವಾರ ಬಿಟ್ಟು. ರೇಬೀಸಿನದು 12 ವಾರ ತುಂಬಿದ ಮೇಲೆ. ಬೆಕ್ಕಿನ ಚುಚ್ಚುಮದ್ದು ಎಲ್ಲ ಮೃಗಾಸ್ಪತ್ರೆಗಳಲ್ಲಿ ಇರುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಹೆಣ್ಣು ಮರಿಯಾದರೆ 5 ತಿಂಗಳಾಗುವಾಗಲೇ ಆಪರೇಷನ್ ಬಗ್ಗೆಯೂ ಮಾತಾಡಿಕೊಳ್ಳಿ, ಏಕೆಂದರೆ ಆ ವಯಸ್ಸಿಗೇ ಗರ್ಭ ನಿಲ್ಲಬಹುದು, ಮರಿ ಹಾಕಲು ಎರಡು ತಿಂಗಳು ಸಾಕು. ನಮ್ಮದಕ್ಕೆ ಹೊಲಿಗೆ ಒಣಗಿದ ಮೇಲೆಯೇ ತೋಟಕ್ಕೆ ಹೋಗಲು ಬಿಟ್ಟದ್ದು.