ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ನಾಯಿ ನೋಡಿದೆ: ರಾಯಚೂರಿನ ನನ್ನ ಅನುಭವ

ನನ್ನ ಮುಧೋಳ ತಳಿಯ ಬೇಟೆ ನಾಯಿ ಗಂಗಿಗೆ ಈಗ ನಾಲ್ಕು ವರ್ಷ. ರಾಯಚೂರಿನ ನಾಲ್ಕು ಬೇಸಿಗೆ ಕಳೆದಿದ್ದಾಳೆ. ಬಿಸಿಲು ಬಡಿದು ಒಂದು ಸಲವೂ ಆಸ್ಪತ್ರೆಗೆ ಹೋಗಿಲ್ಲ. 30-40 ಸೈಟಿನ ಮನೆಯಲ್ಲಿ ಮುಧೋಳ ನಾಯಿ ಸಾಕ್ತೀನಿ ಅಂದಾಗ ನಕ್ಕವರೇ ಈಗ ಮರಿ ಎಲ್ಲಿ ಸಿಗುತ್ತೆ ಅಂತ ನನ್ನನ್ನು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡದ್ದರ ಲೆಕ್ಕ. ಮೊದಲನೆಯದು ಪಗ್, 12 ಸಾವಿರ ಕೊಟ್ಟು ತಂದಿದ್ದು. ಎರಡನೇ ಬೇಸಿಗೆಯ ಒಂದು ಸಂಜೆ ಐದೂವರೆಗೆ ಸುತ್ತಾಡಿಸಲು ಕರೆದುಕೊಂಡು ಹೋದೆ. ಬಿಸಿಲು ಇಳಿದಿತ್ತು, ಡಾಂಬರು ಮಾತ್ರ ಇನ್ನೂ ಕಾದಿತ್ತು. ತಿರುವಿನಲ್ಲೇ ಕುಸಿದು ಬಿತ್ತು. ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಜ್ವರ 107 ದಾಟಿತ್ತು. ಉಳಿಯಲಿಲ್ಲ. ಏದುಸಿರು ಬಿಟ್ಟು ಸರಿಯಾಗಿ ಮೈ ತಣಿಸಿಕೊಳ್ಳಲಾಗದ ಆ ಮೋಟು ಮೂಗಿನ ನಾಯಿಯನ್ನು ಈ ಊರಿಗೆ ತಂದದ್ದೇ ನನ್ನ ತಪ್ಪು. ಇವತ್ತಿಗೂ ಆ ತಿರುವಿನಲ್ಲಿ ಹೋಗಲು ಮನಸ್ಸಾಗೋದಿಲ್ಲ.

ಎರಡನೆಯದು ಜರ್ಮನ್ ಶೆಫರ್ಡ್, 18 ಸಾವಿರ. ಹಗಲು-ರಾತ್ರಿ ಕೂಲರ್ ಹಾಕಿದೆ. 900ರ ಆಸುಪಾಸಿನಲ್ಲಿದ್ದ ಕರೆಂಟ್ ಬಿಲ್ 2,500 ದಾಟಿತು. ದಟ್ಟ ಕೂದಲಿನೊಳಗೆ ರಕ್ತ ಹೀರುವ ಉಣ್ಣಿ ಸೇರಿಕೊಂಡರೆ ಹುಡುಕೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ವಾ? ಎರಡು ಸಲ ಉಣ್ಣಿ ಕಡಿತದಿಂದ ಜ್ವರ ಬಂತು. ಎರಡನೇ ಸಲ ಪ್ಲೇಟ್‌ಲೆಟ್ ಕುಸಿದು ಒಂಬತ್ತು ದಿನ ಡ್ರಿಪ್, ಸುಮಾರು 22 ಸಾವಿರ ಖರ್ಚು. ಬದುಕಿತು. ಚಿಕ್ಕಮಗಳೂರಿನ ಭಾವನ ಮನೆಗೆ ಕಳಿಸಿಬಿಟ್ಟೆ. ಎರಡೇ ತಿಂಗಳಲ್ಲಿ ಅದರ ಮೈ ಮಿರಮಿರ ಮಿಂಚುತ್ತಿತ್ತು. ಅದೇ ನಾಯಿ, ಅದೇ ಊಟ, ಊರು ಮಾತ್ರ ಬೇರೆ.

ಆಗ ನನಗೆ ಹೊಳೆದದ್ದು ಇಷ್ಟು. ಎರಡೂ ಮರಿಗಳನ್ನು ನಾನು ನೋಡಿದ್ದು ಎಸಿ ಅಂಗಡಿಯಲ್ಲಿ, ಅದೂ ಸಂಜೆ ಹೊತ್ತು. ಅಲ್ಲಿ ಎಲ್ಲ ಮರಿಗಳೂ ಚೆನ್ನಾಗೇ ಕಾಣುತ್ತವೆ. ಮೂರನೆಯದನ್ನು ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೇ ನೋಡಬೇಕು, ಮರಿಗಿಂತ ಮೊದಲು ತಾಯಿಯನ್ನು ನೋಡಬೇಕು ಅಂತ ಗಟ್ಟಿ ಮಾಡಿಕೊಂಡೆ.

ಮುಧೋಳಕ್ಕೆ ಇಲ್ಲಿಂದ ಬಸ್ಸಿನಲ್ಲಿ ಏಳು ತಾಸು. ಅಲ್ಲಿ ಆಳಿದ ಘೋರ್ಪಡೆ ರಾಜರ ಕಾಲದಿಂದ ನಮ್ಮಂಥದೇ ಬಿಸಿಲಿನಲ್ಲಿ ಬೆಳೆದ ತಳಿ ಅದು. ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. 2016ರಲ್ಲಿ ಆ ಕೇಂದ್ರದ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಪಕ್ಕದ ಮನೆಯ ಕಾಕಾ ಇದನ್ನೇ ಹಿಡಿದುಕೊಂಡು, "ಮಿಲಿಟರಿಗೆ ಹೋಗೋ ನಾಯಿ ಅದು, ಹೊಲದಾಗ ಓಡೋದು. ನಿನ್ನ ಮನಿಯಾಗ ಹೆಂಗ ಇರ್ತದ?" ಅಂದರು.

ಮುಧೋಳದ ಸುತ್ತಲ ಹಳ್ಳಿಗಳಲ್ಲಿ ಐದು ಮನೆ ಸುತ್ತಿದೆ. ನಾಲ್ಕನೇ ಮನೆಯಲ್ಲಿ ತಾಯಿ ನಾಯಿ ಬೇವಿನ ಮರದಡಿ ಮಲಗಿತ್ತು. ಕಾಗೆಯೊಂದು ಇಳಿದದ್ದೇ ತಡ, ಎದ್ದು ಗೋಡೆವರೆಗೂ ಅಟ್ಟಿಸಿಕೊಂಡು ಹೋಗಿ ಬಂತು. ನಾನು ಗಡಿಯಾರ ನೋಡಿದೆ. ನಾಲ್ಕೈದು ನಿಮಿಷದಲ್ಲಿ ಪಕ್ಕೆಯ ಏರಿಳಿತ ನಿಧಾನವಾಯಿತು, ನಾಲಿಗೆ ಒಳಗೆ ಹೋಯಿತು. ಹಿಂದಿನ ಮನೆಯ ತಾಯಿಗೆ ಸ್ವಲ್ಪ ಓಡಾಡಿದ್ದಕ್ಕೇ ಕಾಲು ಗಂಟೆ ಹಿಡಿದಿತ್ತು. ಬೇವಿನ ಮರದ ಮನೆಯಲ್ಲೇ 11 ಸಾವಿರ ಕೊಟ್ಟು ಮರಿ ತಂದೆ. ಏಳು ಮರಿಗಳಲ್ಲಿ ಗಂಗಿಯನ್ನೇ ಯಾಕೆ ಎತ್ತಿಕೊಂಡೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಅದು ನನ್ನ ಹತ್ತಿರವೇ ಇರಲಿ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಈ ನಾಯಿಗಳ ತಲೆ ಕಿರಿದು, ಕುತ್ತಿಗೆ ದಪ್ಪ. ಮಾಮೂಲಿ ಬೆಲ್ಟಿನಿಂದ ತಲೆ ಜಾರಿಸಿಕೊಂಡು ಓಡಿ ಪಕ್ಕದ ಓಣಿಯ ಎರಡು ಕೋಳಿ ಹಿಡಿದಳು. 1,000 ದಂಡ ಕಟ್ಟಿದೆ. ನಾಲ್ಕಡಿ ಕಾಂಪೌಂಡ್ ಅವಳಿಗೆ ಲೆಕ್ಕಕ್ಕೇ ಇಲ್ಲ. ಆರೂವರೆ ಅಡಿವರೆಗೆ ಜಾಳಿಗೆ ಎಬ್ಬಿಸಲು 12 ಸಾವಿರ ಹೋಯಿತು. ಪಕ್ಕೆಲುಬು ಕಾಣುತ್ತೆ, ಊಟ ಹಾಕೋದಿಲ್ವಾ ಅಂತ ಬೈಸಿಕೊಂಡೆ. ಆ ಮಾತು ಕೇಳಿ ಒಂದು ತಿಂಗಳು ಜಾಸ್ತಿ ತಿನ್ನಿಸಿದೆ. ಓಟ ನಿಧಾನವಾಯಿತು, ಏದುಸಿರು ಶುರುವಾಯಿತು. ತಕ್ಷಣ ನಿಲ್ಲಿಸಿದೆ. ಈಗ ಜೋಳದ ರೊಟ್ಟಿ, ಮಜ್ಜಿಗೆ, ಮೊಟ್ಟೆ, ವಾರಕ್ಕೆ ಮೂರು ದಿನ ಕೋಳಿ. ತಿಂಗಳಿಗೆ 2,000 ಆಗಬಹುದು.

ಕಾಕಾನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಖಾಲಿ ಲೇಔಟಿನಲ್ಲಿ. ಬೆಳಗ್ಗೆ ಐದಕ್ಕೆ ಇಪ್ಪತ್ತು ನಿಮಿಷ ಜೀವ ಬಿಟ್ಟು ಓಡುತ್ತಾಳೆ. ಆಮೇಲೆ ದಿನವಿಡೀ ಮನೆಯಲ್ಲಿ ನಿದ್ದೆ. ಒಂದು ದಿನ ಓಟ ತಪ್ಪಿದರೆ ಚಪ್ಪಲಿ ಉಳಿಯೋದಿಲ್ಲ, ಅದೂ ನಿಜ.

ನಡುವೆ ಒಂದು ಪ್ರಯೋಗ ಮಾಡಿದೆ. ಒಂದು ಕಡೆ ಒದ್ದೆ ಗೋಣಿಚೀಲ, ಇನ್ನೊಂದು ಕಡೆ ನೀರಿನ ಟ್ಯಾಂಕಿನ ಕೆಳಗೆ ಬರೀ ಫರ್ಸಿ ಕಲ್ಲು. ಒಂದು ವಾರ ನೋಡಿದೆ. ಗೋಣಿಯನ್ನು ಮೂಸಿಯೂ ನೋಡಲಿಲ್ಲ, ಫರ್ಸಿಯ ಮೇಲೇ ಮಲಗಿದಳು. ಗಟ್ಟಿ ಕಲ್ಲಿಗೆ ಮೊಣಕೈ ಒರಟಾದ ಮೇಲೆ ರಾತ್ರಿ ಹೊತ್ತಿಗೆ ಮಾತ್ರ ಕೌದಿ ಹಾಸಿದೆ. ಮಾಳಿಗೆಗೆ ದಪ್ಪಗೆ ಸುಣ್ಣ ಬಳಿಸಿದ್ದರಿಂದ ಒಳಕೋಣೆಯ ಬಿಸಿ 39 ಡಿಗ್ರಿಯಿಂದ 36ಕ್ಕೆ ಇಳಿಯಿತು. 1,500 ರೂಪಾಯಿಯ ಕೆಲಸ. ಕೂಲರ್ ಮಾರಿಬಿಟ್ಟೆ.

ಗಂಗಿಯನ್ನು ನೋಡಿ ಶಿರಸಿಯ ಗೆಳೆಯನಿಗೂ ಆಸೆಯಾಗಿದೆ. ನಾನು ಬೇಡ ಅಂದೆ. ಮೈಮೇಲೆ ಕೊಬ್ಬೇ ಇಲ್ಲದ, ತೆಳು ಕೂದಲಿನ ನಾಯಿ ಇದು. ಇಲ್ಲಿನ ಡಿಸೆಂಬರ್ ಚಳಿಗೇ ಕೌದಿಯೊಳಗೆ ಹೊಕ್ಕುತ್ತದೆ. ಅವನ ಊರಿನ ನಾಯಿಯನ್ನು ಜುಲೈನಲ್ಲಿ ನೋಡಬೇಕು, ಮಳೆ ಹಿಡಿದು ನಾಲ್ಕು ದಿನ ಆದ ಮೇಲೆ. ತಾಯಿ ನಾಯಿಯ ಬೆರಳ ಸಂದಿ, ಕಿವಿ, ಹೊಟ್ಟೆಯ ಅಡಿ ಕೈಯಾಡಿಸಿ, ತೇವಕ್ಕೆ ಚರ್ಮ ಕೆಟ್ಟಿದೆಯಾ ಅಂತ ನೋಡಬೇಕು. ಅಲ್ಲೇ ಹುಟ್ಟಿ ಬೆಳೆದ ಊರ ನಾಯಿಯ ಮರಿಯೇ ಗೆಲ್ಲಬಹುದು ಅಂತ ನನ್ನ ಲೆಕ್ಕ. ಒಂದು ವಾರ ರಜೆ ಹಾಕಿದ್ದೇನೆ, ಇಬ್ಬರೂ ಕೂಡಿಯೇ ಹೋಗಿ ನೋಡುತ್ತೇವೆ.